ತೆಗೆದುಹಾಕುವುದೂ ವಜಾ ಮಾಡುವುದೂ: ಪದಚ್ಯುತ ನ್ಯಾಯಮೂರ್ತಿಯ ಮುಂದಿನ ಹುದ್ದೆಯ ಪ್ರಶ್ನೆ

ಕಡಬದ ಕಡೆಯಿಂದ ಕುಮ್ಕಿ ಜಮೀನಿನ ತಕರಾರಿಗೆಂದು ಪುತ್ತೂರು ಕೋರ್ಟಿಗೆ ಬಂದ ಕಕ್ಷಿದಾರ ಆರ್‌ಟಿಸಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದು ವಾಯಿದೆಯ ಕರೆಗೆ ಕಾಯುತ್ತಾನೆ. ಅವನ ಪಾಲಿಗೆ ನ್ಯಾಯಾಂಗವೆಂದರೆ ಒಳಗೆ ಕೂತ ಸಿವಿಲ್ ನ್ಯಾಯಾಧೀಶರೇ. ಪುತ್ತೂರು, ಸುಳ್ಯದ ಈ ನ್ಯಾಯಾಧೀಶರು ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿನ ಹತೋಟಿಯಲ್ಲಿರುವವರು. ಅವರ ಮೇಲಿನ ಶಿಸ್ತುಕ್ರಮಕ್ಕೆ 1957ರ ಕರ್ನಾಟಕ ನಾಗರಿಕ ಸೇವಾ ನಿಯಮಗಳು ಆಧಾರ. ಅದರ 8ನೇ ನಿಯಮ ‘ತೆಗೆದುಹಾಕುವುದು’, ‘ವಜಾ’ ಎಂಬ ಎರಡು ದಂಡನೆಗಳನ್ನು ಬೇರ್ಪಡಿಸುತ್ತದೆ. ಮೊದಲನೆಯದಾದರೆ ಮುಂದೆ ಸರ್ಕಾರಿ ನೌಕರಿಗೆ ಅಡ್ಡಿಯಿಲ್ಲ; ವಜಾ ಆದರೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚಿತು. ಜನರ ಬಾಯಲ್ಲಿ ಎರಡೂ ‘ಮನೆಗೆ ಕಳಿಸಿದರು’ ಎಂದೇ.

ಮೇಲಿನ ಪೀಠಗಳಾದ ಸುಪ್ರೀಂ ಕೋರ್ಟ್, ಹೈಕೋರ್ಟುಗಳ ವಿಷಯದಲ್ಲಿ ಸಂವಿಧಾನದ 124(4) ಮತ್ತು 217ನೇ ವಿಧಿಗಳು ಬಳಸಿರುವುದು ‘ತೆಗೆದುಹಾಕು’ ಎಂಬುದನ್ನು ಮಾತ್ರ. ದುರ್ನಡತೆ ರುಜುವಾತಾಗಿ, ಎರಡೂ ಸದನಗಳಲ್ಲಿ ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲ ದೊರೆತು ಪದಚ್ಯುತಿಯಾದರೂ ಮುಂದಿನ ಹುದ್ದೆಯ ಬಗ್ಗೆ ಅಲ್ಲಿ ಒಂದಕ್ಷರವಿಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 9ನೇ ಕಲಮು ಭ್ರಷ್ಟಾಚಾರಕ್ಕಾಗಿ ವಜಾ ಆದವರನ್ನು 5 ವರ್ಷ ಚುನಾವಣೆಯಿಂದ ದೂರವಿಡುತ್ತದೆ. ಆದರೆ ಅದು ಹೇಳುವುದು ಸರ್ಕಾರದ ಅಧೀನದ ಹುದ್ದೆಯವರ ಬಗ್ಗೆ. ಹೈಕೋರ್ಟ್ ನ್ಯಾಯಮೂರ್ತಿ ಸರ್ಕಾರಿ ನೌಕರನಲ್ಲ. ಹೀಗೆ ಕೆಳಗಿನವರಿಗೆ ಬಿಗಿಯಾದ ಬಲೆ ಮೇಲಿನವರಿಗೆ ಹರಿದುಕೊಂಡಿದೆ.

ಸಂಸತ್ತಿನ ಎರಡೂ ಸದನಗಳ ಮತದಿಂದ ಪದಚ್ಯುತರಾದವರು ನಮ್ಮಲ್ಲಿಲ್ಲ. ಅದಕ್ಕೆ ಮೊದಲೇ ರಾಜೀನಾಮೆ ಬರುತ್ತದೆ. ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಸಿಕ್ಕಿಂಗೆ ವರ್ಗವಾದ ಮೇಲೆ, ತಮ್ಮ ಮೇಲಿನ ಆರೋಪಗಳ ವಿಚಾರಣಾ ಸಮಿತಿಯ ಕೆಲಸ ಮುಗಿಯುವ ಮುನ್ನವೇ 2011ರ ಜುಲೈಯಲ್ಲಿ ರಾಜೀನಾಮೆ ಕೊಟ್ಟರು. ಆರೋಪ ಸುಳ್ಳೆಂದೂ ತೀರ್ಮಾನವಾಗಲಿಲ್ಲ, ನಿಜವೆಂದೂ ಆಗಲಿಲ್ಲ. ಅದೇ ವರ್ಷ ರಾಜ್ಯಸಭೆ ಪದಚ್ಯುತಿ ನಿರ್ಣಯ ಅಂಗೀಕರಿಸಿದ ಬಳಿಕ ಕೋಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸೌಮಿತ್ರ ಸೇನ್ ಹಿಡಿದದ್ದೂ ಅದೇ ದಾರಿ.

ಅಮೆರಿಕದಲ್ಲಿ ಪದಚ್ಯುತಿಯಾದ ಮೇಲೆ ಮುಂದಿನ ಹುದ್ದೆಯ ನಿಷೇಧಕ್ಕೆ ಸೆನೆಟ್ ಪ್ರತ್ಯೇಕ ಮತ ಹಾಕಬಹುದು. 1989ರಲ್ಲಿ ಪದಚ್ಯುತ ನ್ಯಾಯಾಧೀಶ ಆಲ್ಸಿ ಹೇಸ್ಟಿಂಗ್ಸ್ ವಿಷಯದಲ್ಲಿ ಹಾಕಲಿಲ್ಲ; ತಮ್ಮನ್ನು ತೆಗೆದ ಸಂಸತ್ತಿಗೇ ಅವರು 1992ರಲ್ಲಿ ಆಯ್ಕೆಯಾದರು! 2010ರಲ್ಲಿ ಇನ್ನೊಬ್ಬ ನ್ಯಾಯಾಧೀಶ ಥಾಮಸ್ ಪೋರ್ಟಿಯಸ್‌ಗೆ ಆ ಬಾಗಿಲು ಮುಚ್ಚಿತು. ತಾನಾಗಿ ಅಂಟುವ ಶಾಶ್ವತ ನಿಷೇಧಕ್ಕಿಂತ ಈ ಪ್ರತ್ಯೇಕ ಮತವೇ ನನಗೆ ಒಪ್ಪಿಗೆ. ಎಲ್ಲ ದುರ್ನಡತೆಯ ತೂಕವೂ ಒಂದೇ ಅಲ್ಲ.

ಸಂವಿಧಾನ ತಿದ್ದುವುದು ದೆಹಲಿಯ ಕೆಲಸ. ಆದರೆ 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ನಮ್ಮದೇ. ಲೋಕಾಯುಕ್ತರ ನೇಮಕಕ್ಕೆ ಅದರ 3ನೇ ಕಲಮು ನ್ಯಾಯಮೂರ್ತಿಯ ಹುದ್ದೆಯಲ್ಲಿ ಇದ್ದದ್ದನ್ನು ಕೇಳುತ್ತದೆಯೇ ಹೊರತು ಅಲ್ಲಿಂದ ಇಳಿದ ಬಗೆಯನ್ನಲ್ಲ. ‘ಪದಚ್ಯುತರಾದವರನ್ನು ಬಿಟ್ಟು’ ಎಂದು ಸೇರಿಸಲು ವಿಧಾನಸೌಧ ಸಾಕು.