ಕಲ್ಲಲ್ಲಿ ಅವ್ವೆ, ಕೌದಿಯಲ್ಲಿ ಅಜ್ಜಿ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಸದಿಗಳಲ್ಲೆಲ್ಲ ದೊಡ್ಡದು ಕತ್ತಲೆ ಬಸದಿ. ಗರ್ಭಗುಡಿಯ ಸುತ್ತ ಪ್ರದಕ್ಷಿಣೆಗೆ ದಾರಿಯಿದೆ, ಆದರೆ ಬೆಳಕಿಗೆ ಕಿಟಕಿ ಬಿಟ್ಟಿಲ್ಲ. ಹಗಲಲ್ಲೂ ಒಳಗೆ ಮಬ್ಬು. ಹೆಸರು ಬಂದದ್ದೂ ಅದರಿಂದಲೇ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ 1118ರ ಸುಮಾರಿಗೆ ಇದನ್ನು ತನ್ನ ತಾಯಿ ಪೋಚವ್ವೆಗಾಗಿ ಕಟ್ಟಿಸಿದ. ಆಕೆ ಸಲ್ಲೇಖನ ಕೈಗೊಂಡು ದೇಹ ಬಿಟ್ಟ ಮೇಲೆ ಅದೇ ಬೆಟ್ಟದಲ್ಲಿ ನಿಸಿದಿಯನ್ನೂ ನಿಲ್ಲಿಸಿದ. ಸತ್ತವರ ನೆನಪಿಗೆ ಮಾಡುವ ಇಂಥ ಕೆಲಸವನ್ನು ನಮ್ಮ ಶಾಸನಗಳು 'ಪರೋಕ್ಷವಿನಯ' ಎಂದು ಕರೆಯುತ್ತವೆ. ಕಣ್ಣಿಗೆ ಕಾಣದಾದವರ ಮುಂದೆಯೂ ತಲೆಬಾಗುವುದು. ಕನ್ನಡದ ಕಲ್ಲುಗಳು ಉಳಿಸಿಕೊಟ್ಟ ಮಾತುಗಳಲ್ಲಿ ಇದಕ್ಕಿಂತ ಮೃದುವಾದದ್ದು ಸಿಗುವುದು ಕಷ್ಟ.

ಬಸದಿಯ ಶಾಸನಕ್ಕೆ ಪೋಚವ್ವೆ ಗಂಗರಾಜನ ತಾಯಿ. ಮನೆಯ ಮಕ್ಕಳಿಗೆ ಆಕೆ ಅಜ್ಜಿ. ಆ ಮೊಮ್ಮಕ್ಕಳಲ್ಲಿ ಒಬ್ಬನಾದ ಬೊಪ್ಪ ಮುಂದೆ ತಂದೆ ಗಂಗರಾಜನ ನೆನಪಿಗೆ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅದು 1133ರ ಮಾತು. ಇನ್ನೊಬ್ಬ ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಟ್ಟಿದ್ದರು, ಏಚ ಎಂದು.

ಆದರೆ ಅದು ದಂಡನಾಯಕನ ಮನೆ. ರಾಗಿ ಬೀಸಿ, ಹೆರಿಗೆ ಮಾಡಿಸಿ, ಹತ್ತಾರು ಮಕ್ಕಳಿಗೆ ಎಣ್ಣೆ ಹಚ್ಚಿ ಬೆಳೆಸಿದ ಅಜ್ಜಿಗೆ ಕಲ್ಲು ಕೆತ್ತಿಸುವವರು ಯಾರು?

ಹಳೇ ಮೈಸೂರಿನ ಹಳ್ಳಿಗಳಲ್ಲಿ ಅವಳಿಗೆ ಸಿಕ್ಕಿದ್ದು ಎಡೆ. ಭಾದ್ರಪದ ಬಹುಳದ ಹದಿನೈದು ದಿನ ಪಿತೃಪಕ್ಷ. ಕೊನೆಗೆ ಮಹಾಲಯ ಅಮಾವಾಸ್ಯೆ. ಅಂದು ಕಳಶ ಹೂಡಿ, ಹೊಸ ಸೀರೆ ಇಟ್ಟು, ಬಾಳೆ ಎಲೆಯಲ್ಲಿ ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರೆ. ಎಲೆ ಅಡಿಕೆ ಹಾಕುತ್ತಿದ್ದವಳಾದರೆ ಸುಣ್ಣ, ಹೊಗೆಸೊಪ್ಪನ್ನೂ ಮರೆಯುವುದಿಲ್ಲ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಣ್ಣಲಿ ಎಂದು. ಮಕ್ಕಳು ಉಸಿರು ಬಿಗಿಹಿಡಿದು ಒಳಗಿನ ಸದ್ದಿಗೆ ಕಿವಿಗೊಡುವ ಗಳಿಗೆ ಅದು.

ವೈದಿಕ ಶ್ರಾದ್ಧದ ಲೆಕ್ಕವೇ ಬೇರೆ. ತಾಯಿ, ಅಜ್ಜಿ, ಮುತ್ತಜ್ಜಿ, ಮೂರು ತಲೆಯವರೆಗೆ ಹೆಸರು ಹಿಡಿದು ಪಿಂಡ; ಅದರಾಚೆಯವರ ಹೆಸರು ಬಿಟ್ಟುಹೋಗುತ್ತದೆ. ಗಂಡನಿಗಿಂತ ಮುಂಚೆ ತೀರಿಕೊಂಡವಳಿಗೆ ಅವಿಧವಾ ನವಮಿ ಎಂದು ಪ್ರತ್ಯೇಕ ದಿನವೂ ಉಂಟು. ಹಾಗೆ ನೋಡಿದರೆ, ಗಂಡ ಹೋದ ಮೇಲೆ ದಶಕಗಟ್ಟಲೆ ಸಂಸಾರ ಹೊತ್ತ ಅಜ್ಜಿಗೆ ಆ ವಿಶೇಷ ದಿನ ಇಲ್ಲ. ಬದುಕಿದ್ದಾಗ ಮಾಡಿದ ಭೇದ ಸತ್ತ ಮೇಲೂ ಬೆನ್ನು ಹತ್ತಿದ್ದು ನೋವಿನ ಸಂಗತಿ.

ಉತ್ತರ ಕರ್ನಾಟಕದ ಕೌದಿಗೆ ಈ ಭೇದ ಗೊತ್ತಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಒತ್ತೊತ್ತಾಗಿ ಟಾಕು ಹಾಕಿ ಹೊಲಿದರೆ ಕೌದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಇದನ್ನು ಕವಂದಿ ಎನ್ನುತ್ತಾರೆ. ಅಂಚಿನಿಂದ ಹೊಲಿಗೆ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ 'ಫುಲ' ಎಂಬ ಬಟ್ಟೆಯ ಹೂ ಕೂಡಿಸದಿದ್ದರೆ ಕವಂದಿ ಬೆತ್ತಲೆ ಇದ್ದಂತೆ.

ಹೊಸ ಬಟ್ಟೆಯಿಂದ ಒಳ್ಳೆಯ ಕೌದಿ ಆಗುವುದಿಲ್ಲ. ನೂರಾರು ಸಲ ಒಗೆದು ಮೆತ್ತಗಾದ ಹತ್ತಿ ಬೇಕು, ಅಂದರೆ ಅಜ್ಜಿಯ ಸೀರೆಯೇ ಬೇಕು. ಇಳಕಲ್ಲ ಸೀರೆಯನ್ನೇ ನೋಡಿ. ಮಗ್ಗದಲ್ಲಿ ಹತ್ತಿಯ ಮೈಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಮೈ ಸವೆದು ಜಾಳಾಗಿ ಬಣ್ಣ ಬಿಟ್ಟರೂ ಟೋಪ್ ತೆನಿ ಸೆರಗಿನ ಕೆಂಪು ಎದ್ದು ಕಾಣುತ್ತಿರುತ್ತದೆ. ಅಂಥ ಒಂದು ತುಂಡು ಮೇಲೆ ಬಿದ್ದರೆ ಸಾಕು, ಮನೆಯವರು ಕೌದಿ ಹೊದೆಯುತ್ತಲೇ ಅದು ಆಯಿಯ ಸೆರಗು ಎಂದು ಗುರುತು ಹಿಡಿಯುತ್ತಾರೆ. ತೊಟ್ಟಿಲಿಗೆ ಹಾಸುವ ಪುಟ್ಟ ಕೌದಿಗೂ ಅದೇ ಬಟ್ಟೆ. ಅವಳನ್ನು ಕಾಣದ ಕೂಸು ಹಾಗೆ ಅವಳ ಸೀರೆಯ ಮೇಲೆ ಮಲಗುತ್ತದೆ.

ವರ್ಷಗಳು ಕಳೆದು ಕೌದಿಯೂ ಹರಿಯುತ್ತದೆ. ಆದರೆ ಅದನ್ನು ಬಿಸಾಡುವ ರೂಢಿಯಿಲ್ಲ. ಹೊಸ ಕೌದಿ ಹೊಲಿಯುವಾಗ ಹಳೆಯದನ್ನೇ ಒಳಪದರವಾಗಿ ಹಾಸಿ, ಮೇಲೆ ಅವ್ವನ ಸೀರೆ ಹಾಕಿ, ಅಂಚಿನಿಂದ ಮತ್ತೆ ಟಾಕು ಹಾಕುತ್ತಾರೆ.