ಬುಡದ ದಪ್ಪ, ಒಡಲ ಸತ್ತ್ವ

ಅಮೆರಿಕದ ಲೂಯಿಸಿಯಾನ ಸಂಸ್ಥಾನದ ಬೊಗಲೂಸಾ, ಮರ ಕೊಯ್ಯುವ ಕಾರ್ಖಾನೆಯೊಂದರ ಸಲುವಾಗಿಯೇ ಹುಟ್ಟಿದ ಪಟ್ಟಣ. 1908ರಲ್ಲಿ ಗ್ರೇಟ್ ಸದರ್ನ್ ಲಂಬರ್ ಕಂಪನಿಯವರು ಅಲ್ಲಿ ಆರಂಭಿಸಿದ ಗರಗಸದ ಕಾರ್ಖಾನೆಯು, ಜಗತ್ತಿನಲ್ಲಿಯೇ ಅತಿ ದೊಡ್ಡದೆಂಬ ಪ್ರಸಿದ್ಧಿಯನ್ನು ಪಡೆದು, ಸುತ್ತಲಿನ ಉದ್ದೆಲೆ ಪೈನಿನ ಪುರಾತನ ಅರಣ್ಯವನ್ನು ವರ್ಷ ವರ್ಷವೂ ನುಂಗುತ್ತ ಹೋಯಿತು. ಕೊನೆಗೆ, ಕೊಡಲಿಗೆ ನಾಳೆಯ ಕೂಳೆಲ್ಲಿ ಎಂಬ ಚಿಂತೆ ಹುಟ್ಟಿ, 1920ರ ಸುಮಾರಿಗೆ ಅದೇ ಕಂಪನಿಯು, ತಾನೇ ಬೋಳುಮಾಡಿದ ನೆಲದಲ್ಲಿ ಸಸಿ ನೆಡಲು ತೊಡಗಿತು.

ನೆಡುವುದೇನೋ ಸರಿ, ಎಂಥ ಸಸಿಯನ್ನು? ಈ ಪ್ರಶ್ನೆಗೆ ತಮ್ಮ ಜೀವಮಾನವನ್ನೇ ಮುಡಿಪಿಟ್ಟವರು, 1924ರಲ್ಲಿ ನ್ಯೂ ಆರ್ಲಿಯನ್ಸ್‌ನ ಅರಣ್ಯ ಪ್ರಯೋಗಕೇಂದ್ರವನ್ನು ಸೇರಿದ ಫಿಲಿಪ್ ವೇಕ್ಲಿಯವರು. ಪೈನ್ ಸಸಿಯು ಮೊದಲು ಬೀಜದಳಗಳ ಚಿಕ್ಕ ಚಕ್ರವನ್ನು ನೆತ್ತಿಯಲ್ಲಿ ಹೊತ್ತು ನೆಲದಿಂದೇಳುತ್ತದೆ. ಅನಂತರ ಒಂಟಿ ಸೂಜಿಯೆಲೆಗಳನ್ನು ತಳೆದು, ಬಲಿತ ಮೇಲೆ ಮಾತ್ರ ಎರಡು ಮೂರು ಸೂಜಿಗಳ ಕಟ್ಟುಗಳನ್ನು ಬಿಡುತ್ತದೆ. ಕಾಂಡ ತೊಗಟೆಗಟ್ಟಿ, ತುದಿಯಲ್ಲಿ ಚಳಿಗಾಲದ ಮೊಗ್ಗು ಮೂಡಿತೆಂದರೆ ಅದಕ್ಕೆ ಪ್ರಾಯ ಬಂದಂತೆ. ಲಾಬ್ಲಾಲಿ, ಸ್ಲ್ಯಾಷ್ ಎಂಬ ಜಾತಿಗಳು ಒಂದೇ ವರ್ಷದಲ್ಲಿ ಈ ಸ್ಥಿತಿಗೆ ಬರುತ್ತವೆ. ಉದ್ದೆಲೆ ಪೈನಿನ ರೀತಿಯೇ ಬೇರೆ: ಕೆಲವು ವರ್ಷಗಳ ಕಾಲ ಕಾಂಡವೇ ಇಲ್ಲದೆ, ಹುಲ್ಲಿನ ಹಿಂಡಿಲಿನಂತೆ ನೆಲಕ್ಕೊತ್ತಿಕೊಂಡಿದ್ದು, ಬೇರನ್ನು ಬಲಪಡಿಸಿಕೊಂಡು, ಆಮೇಲೆ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತದೆ. ಇಂಥದನ್ನು ಎತ್ತರದಿಂದ ಅಳೆಯುವುದೆಂತು?

ಆದುದರಿಂದ ವೇಕ್ಲಿಯವರು ಬುಡದ ದಪ್ಪಕ್ಕೆ ಪ್ರಾಶಸ್ತ್ಯ ಕೊಟ್ಟು, ಎಲೆ, ತೊಗಟೆ, ಮೊಗ್ಗುಗಳ ಲಕ್ಷಣವನ್ನೂ ಗಣಿಸಿ, ಮೂರು ದರ್ಜೆಗಳನ್ನು ಏರ್ಪಡಿಸಿದರು. ಲಾಬ್ಲಾಲಿ ಸಸಿಯ ಬುಡ 3/16 ಅಂಗುಲವಿದ್ದರೆ (ನಮ್ಮ ಹಿರಿಯರ ಲೆಕ್ಕದಲ್ಲಿ ಮೂರು ವೀಸ) ಮೊದಲ ದರ್ಜೆ. 1/8 ಅಂಗುಲಕ್ಕೂ ಕಡಿಮೆಯಾದದ್ದು ಮೂರನೆಯದು, ಎಂದರೆ ಕಸ. ಉದ್ದೆಲೆಯದಕ್ಕಾದರೋ ಮೊದಲ ದರ್ಜೆಗೆ ಅರ್ಧ ಅಂಗುಲವೇ ಬೇಕು.

ಇಷ್ಟಕ್ಕೆ ನಿಂತಿದ್ದರೆ ಅವರು ದಕ್ಷ ಅಧಿಕಾರಿ ಎನಿಸಿಕೊಳ್ಳುತ್ತಿದ್ದರು, ಅಷ್ಟೆ. ನೆಟ್ಟ ಮೇಲೆ ಕೆಲವೆಡೆ ಮೊದಲ ದರ್ಜೆಯವು ಒಣಗಿ, ಕೀಳೆನಿಸಿದವು ಚಿಗುರಿದುದನ್ನು ಕಂಡಾಗ, ತಾವೇ ಕಡೆದ ಒರೆಗಲ್ಲನ್ನು ತಾವೇ ಒರೆಗೆ ಹಚ್ಚಿದ ಧೈರ್ಯ ಅವರದು. ಕಣ್ಣಿಗೆ ಕಾಣುವ ಆಕಾರದ ದರ್ಜೆಯಲ್ಲದೆ, ಒಡಲೊಳಗಿನ ಸತ್ತ್ವದ ದರ್ಜೆಯೂ ಒಂದುಂಟೆಂದು 1948ರಲ್ಲಿ ವಾದಿಸಿ, ಪೈನ್ ನಾಟಿಯನ್ನು ಕುರಿತ 1954ರ ತಮ್ಮ ಮಹಾಗ್ರಂಥದಲ್ಲಿಯೂ ಅದನ್ನು ಮುಚ್ಚಿಡದೆ ಬರೆದರು. ಮರುವರ್ಷವೇ ಕ್ಯಾಲಿಫೋರ್ನಿಯದ ಎಡ್ವರ್ಡ್ ಸ್ಟೋನ್ ಎಂಬವರು, ನಾಟಿಯಾದ ಸಸಿ ಹೊಸ ಬೇರು ಬಿಡಬಲ್ಲ ಶಕ್ತಿಯಲ್ಲಿ ಆ ಸತ್ತ್ವದ ಸುಳಿವನ್ನು ಅರಸಿದರು.

ಬೊಗಲೂಸಾದ ಕಾರ್ಖಾನೆ 1938ರಲ್ಲಿಯೇ ಮುಚ್ಚಿಹೋಗಿತ್ತು. ವೇಕ್ಲಿಯವರಾದರೋ ಅಲ್ಲಿ ಇಪ್ಪತ್ತರ ದಶಕದಲ್ಲಿ ಮಾಡಿದ ತಮ್ಮ ನಾಟಿಗಳ ಮೂವತ್ತು ವರ್ಷಗಳ ಫಲವನ್ನು ಕ್ರೋಡೀಕರಿಸಿ, 1969ರಲ್ಲಿ ಪ್ರಕಟಿಸಿದರು.