ಜೀಪಿನ ಕ್ಲಚ್ಚೂ ಎರಡು ಗುಂಡುಗಳೂ

ಹಳೆಯ ಜೀಪೊಂದರ ಅಡಿಗೆ ಬಗ್ಗಿ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಕ್ಲಚ್ ಪೆಡಲಿನಿಂದ ಹೊರಟ ಸರಳು ನೇರವಾಗಿ ಕ್ಲಚ್ಚನ್ನು ಸೇರುವುದಿಲ್ಲ. ನಡುವೆ ಅಡ್ಡಲಾಗಿ ಒಂದು ಕೊಳವೆಯಿದೆ. ಅದರ ಒಂದು ತುದಿ ಚಾಸಿಸ್‌ಗೆ ಕೂಡಿಸಿದ ಉಕ್ಕಿನ ಗುಂಡಿನ ಮೇಲೂ, ಇನ್ನೊಂದು ತುದಿ ಎಂಜಿನ್-ಗೇರ್‌ಬಾಕ್ಸ್ ಜೋಡಣೆಯ ಗುಂಡಿನ ಮೇಲೂ ಕುಳಿತಿರುತ್ತದೆ. ಕೊಳವೆಗೆ ಬೆಸೆದ ಎರಡು ತೋಳುಗಳಲ್ಲಿ ಒಂದನ್ನು ಪೆಡಲಿನ ಸರಳು ಎಳೆಯುತ್ತದೆ. ಇನ್ನೊಂದು, ಚಿಕ್ಕ ಕೇಬಲಿನ ಮೂಲಕ ಕ್ಲಚ್ ಫೋರ್ಕನ್ನು ಎಳೆಯುತ್ತದೆ. ಒಟ್ಟಿನಲ್ಲಿ ಇದು ಸನ್ನೆಗಳ ಸರಣಿ.

ಗುಂಡುಗಳೇ ಏಕೆ? ಗೂಟ-ರಂಧ್ರ ಸಾಲದೆ? ಸಾಲದು. ಎಂಜಿನ್ ರಬ್ಬರ್ ದಿಂಬುಗಳ ಮೇಲೆ ಕೂತಿದೆ; ಚಾಸಿಸ್ಸಿಗೆ ಹೋಲಿಸಿದರೆ ಅದು ಸದಾ ಅಲುಗುತ್ತದೆ, ವಾಲುತ್ತದೆ. ಒಂದು ತುದಿ ಅಲುಗುವ ಎಂಜಿನ್ನಿಗೂ ಇನ್ನೊಂದು ಅಲುಗದ ಚಾಸಿಸ್ಸಿಗೂ ಸೇರಿದ ಕೊಳವೆ ಯಾವ ಕೋನಕ್ಕಾದರೂ ಓರೆಯಾಗಬಲ್ಲದಾಗಿರಬೇಕು. ಹಾಗೆ ಓರೆಯಾಗಲು ಬಿಡುವುದು ಗೋಳ ಮಾತ್ರ.

1940ರಲ್ಲಿ ಅಮೆರಿಕದ ಸೈನ್ಯ ಹಗುರ ವಾಹನವೊಂದಕ್ಕಾಗಿ 135 ಕಂಪನಿಗಳನ್ನು ಕೇಳಿತು. ಬ್ಯಾಂಟಂ ಕಂಪನಿ ಮೊದಲ ಮಾದರಿಯನ್ನು ಕೊಟ್ಟಿತು. ಕೊನೆಗೆ ದೊಡ್ಡ ಸಂಖ್ಯೆಯಲ್ಲಿ ತಯಾರಿಸಿದ್ದು ವಿಲ್ಲಿಸ್ ಮತ್ತು ಫೋರ್ಡ್. 1945ರ ಹೊತ್ತಿಗೆ ಇವೆರಡೂ ಸೇರಿ ತಯಾರಿಸಿದ್ದು ಆರು ಲಕ್ಷಕ್ಕೂ ಹೆಚ್ಚು. ಒಂದು ಕಾರ್ಖಾನೆಯ ಭಾಗ ಇನ್ನೊಂದರ ಜೀಪಿಗೆ ಹೊಂದಬೇಕೆಂಬುದು ಸೈನ್ಯದ ಷರತ್ತು. ಯುದ್ಧಾನಂತರ ಮಹೀಂದ್ರ ಕಂಪನಿ ಈ ವಾಹನವನ್ನು ಭಾರತದಲ್ಲಿ ಜೋಡಿಸತೊಡಗಿತು. ಅಮೆರಿಕದಲ್ಲಿ 1953ರಲ್ಲಿ ಬಂದ ಸಿಜೆ-3ಬಿ ಮಾದರಿ ಅಲ್ಲಿ 1968ರಲ್ಲಿ ನಿಂತರೂ, ಅದರ ವಂಶದ ಜೀಪುಗಳು ಇಲ್ಲಿ ದಶಕಗಳ ಕಾಲ ತಯಾರಾದವು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಯ ಊರುಗಳು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಸಿಂಧನೂರಿನ ಎರೆ ಭೂಮಿ ಭತ್ತದ ಗದ್ದೆಯಾಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಎರೆ ಹೊಲ, ಕಾಲುವೆ ಏರಿ, ಗರಸಿನ ದಾರಿ: ಇಲ್ಲಿ ಓಡಾಡಲು ಜೀಪಿನಂಥ ವಾಹನವೇ ಬೇಕಿತ್ತು. ಆದರೆ ಇದೇ ನೆಲ ಅದರ ಕ್ಲಚ್ ಕೊಳವೆಗೆ ಶತ್ರು. ಹಟ್ಟಿಯ ಚಿನ್ನ ಇರುವುದು ಬೆಣಚು ಕಲ್ಲಿನ ಎಳೆಗಳಲ್ಲಿ. (ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೇಳುವ ಶಾಸನವನ್ನು 1915ರಲ್ಲಿ ಕಂಡವರು ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಎಂಬುದನ್ನು ನಿಮ್ಮ ಇತಿಹಾಸದ ಮೇಷ್ಟ್ರಿಗೂ ಹೇಳಿ.) ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7, ಸಾಮಾನ್ಯ ಉಕ್ಕು ಅದಕ್ಕಿಂತ ಬಹಳ ಮೆದು. ತೆರೆದ ಕೀಲಿನ ಗ್ರೀಸಿಗೆ ಬೆಣಚಿನ ಪುಡಿ ಸೇರಿತೆಂದರೆ ಅದು ಉಜ್ಜುವ ಪೇಸ್ಟೇ ಆಗುತ್ತದೆ.

ಸವೆದರೆ ಏನಾಗುತ್ತದೆ? ಪೆಡಲ್ 10 ಮಿ.ಮೀ. ಚಲಿಸಿದರೆ ಫೋರ್ಕಿನ ತುದಿ 1 ಮಿ.ಮೀ. ಚಲಿಸುತ್ತದೆ ಎಂದಿಟ್ಟುಕೊಳ್ಳಿ. ಫೋರ್ಕಿನ ಬಳಿಯ ಕೀಲಿನಲ್ಲಿ 1.5 ಮಿ.ಮೀ. ಸಡಿಲವಾದರೆ ಪೆಡಲಿನಲ್ಲಿ 15 ಮಿ.ಮೀ. ವ್ಯರ್ಥ. ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಕಚ್ಚುತ್ತದೆ. ಕೇಬಲಿನ ತಿರುಪು ಬಿಗಿದು ಇದನ್ನು ಸರಿಪಡಿಸಬಹುದು. ಆದರೆ ಹಾಗೇ ಬಿಗಿಯುತ್ತ ಹೋದರೆ ಕೊಳವೆಯ ತೋಳಿನ ಕೋನ ಬದಲಾಗಿ, ಸನ್ನೆಯ ಪರಿಣಾಮಕಾರಿ ಉದ್ದ ಕುಗ್ಗುತ್ತದೆ. ಕೊನೆಗೆ ಒಂದು ದಿನ ಕೊಳವೆ ಗುಂಡಿನಿಂದ ಜಾರಿ ಬೀಳುತ್ತದೆ.

ಹೊಸ ಭಾಗ ದೊರೆಯದಾಗ ಲೇತ್ ಅಂಗಡಿಯೇ ಗತಿ. ಇಲ್ಲಿ ಸುಲಭವಾಗಿ ಆಗುವ ತಪ್ಪು, ಸವೆದ ಭಾಗವನ್ನೇ ಅಳೆದು ಅದರಂತೆ ಮಾಡುವುದು. ಆಗ ಸವೆತದ ಅಳತೆಯೂ ಹೊಸ ಭಾಗಕ್ಕೆ ಬರುತ್ತದೆ. ಗುಂಡು ಉಜ್ಜುವುದು ಒಂದೇ ಕಡೆ. ಆದ್ದರಿಂದ ಉಜ್ಜದ ಬದಿಯಲ್ಲಿ ವ್ಯಾಸ ಅಳೆಯಬೇಕು. ತೋಳುಗಳ ಉದ್ದವನ್ನು ರಂಧ್ರದ ಅಂಚಿನಿಂದಲ್ಲ, ಮೂಲ ಕೇಂದ್ರದಿಂದ ಹಿಡಿಯಬೇಕು. ಎರಡು ತೋಳುಗಳ ನಡುವಿನ ಕೋನವನ್ನೂ ಗುರುತು ಮಾಡಿಕೊಳ್ಳಬೇಕು.

ಎರಡನೆಯದು ಲೋಹ. ಗಟ್ಟಿ ಇರಲೆಂದು ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಬೆಸೆಯುವುದುಂಟು. ಅದರಲ್ಲಿ ಇಂಗಾಲದ ಪಾಲು ಹೆಚ್ಚು. ಬಿಸಿ ಮಾಡದೆ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಬಿರುಕು ಬಿಡುತ್ತದೆ. ತೋಳಿಗೆ ಮೈಲ್ಡ್ ಸ್ಟೀಲೇ ಸಾಕು. ಗುಂಡನ್ನು ಮಾತ್ರ ಇದ್ದಿಲಿನೊಡನೆ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸಿ, ತಣಿಸಿ, ಮೇಲ್ಮೈ ಗಡಸು ಮಾಡಬೇಕು. ಆಮೇಲೆ ಅದರ ಬಳಿ ಬೆಸುಗೆ ಹಾಕಿದರೆ ಆ ಗಡಸುತನ ಹೋಗುತ್ತದೆ. ಬೆಸುಗೆ ಮೊದಲು, ಗಡಸು ಆಮೇಲೆ.

ಇನ್ನು ಕೆಲವರು ಗುಂಡನ್ನೇ ತೆಗೆದು ಗೂಟ ಮತ್ತು ಬಿಗಿ ಗನ್‌ಮೆಟಲ್ ಬುಷ್ ಹಾಕುತ್ತಾರೆ. ನಿಂತ ಗಾಡಿಯಲ್ಲಿ ಇದು ಮೂಲಕ್ಕಿಂತ ಚೆನ್ನಾಗಿಯೇ ಕಾಣುತ್ತದೆ. ಓಡತೊಡಗಿದ ಮೇಲೆ ಎಂಜಿನ್ ವಾಲಿದಾಗಲೆಲ್ಲ ಕೊಳವೆ ಹಿಡಿದುಕೊಳ್ಳುತ್ತದೆ, ಬೆಸುಗೆ ಸೀಳುತ್ತದೆ. ಗುಂಡಿನ ಬದಲು ಗುಂಡನ್ನೇ ಕೊಡಬೇಕು. ಅದಕ್ಕೊಂದು ಒಳ್ಳೆಯ ದಾರಿ, ಉಂಗುರದೊಳಗೆ ಗೋಳವಿರುವ ರಾಡ್ ಎಂಡ್. ಇದು 1940ರಲ್ಲಿ ಬ್ರಿಟಿಷರು ಹೊಡೆದುರುಳಿಸಿದ ಜರ್ಮನ್ ವಿಮಾನವೊಂದರಲ್ಲಿ ಕಂಡುಬಂತೆನ್ನುತ್ತಾರೆ. ಬ್ರಿಟನ್ನಿನಲ್ಲಿ ಇದನ್ನು ರೋಸ್ ಜಾಯಿಂಟ್, ಅಮೆರಿಕದಲ್ಲಿ ಹೇಮ್ ಜಾಯಿಂಟ್ ಎಂದು ಕರೆಯುವುದು ತಯಾರಿಸಿದ ಕಂಪನಿಗಳ ಹೆಸರಿನಿಂದ. ಜೀಪಿನ ಸಮಕಾಲೀನ ಸಾಧನವೇ ಜೀಪಿನ ರಿಪೇರಿಗೆ ಒದಗುತ್ತದೆ. ಆದರೆ ಗರಸಿನ ಧೂಳಿನಿಂದ ರಕ್ಷಿಸಲು ರಬ್ಬರ್ ಟೋಪಿ ಇರಲೇಬೇಕು.

ಜೋಡಿಸಿದ ಮೇಲೆ ಪೆಡಲಿನಲ್ಲಿ 20ರಿಂದ 25 ಮಿ.ಮೀ. ಖಾಲಿ ಚಲನೆ ಬಿಡಿ. ಇಲ್ಲದಿದ್ದರೆ ಬೇರಿಂಗ್ ಸದಾ ಒತ್ತಿಕೊಂಡು ಸವೆಯುತ್ತದೆ, ಕ್ಲಚ್ ಜಾರುತ್ತದೆ. ಆಮೇಲೆ ಎಂಜಿನ್ ಚಾಲೂ ಇಟ್ಟು, ಪೆಡಲ್ ತುಳಿದು, ಕೆಲವು ಕ್ಷಣ ಕಾದು ರಿವರ್ಸ್ ಗೇರಿಗೆ ಹಾಕಿ. ಹಳೆಯ ಜೀಪಿನ ರಿವರ್ಸ್ ಗೇರಿಗೆ ವೇಗ ಹೊಂದಿಸುವ ಸಿಂಕ್ರೊನೈಸರ್ ಇಲ್ಲ. ಕರಕರ ಸದ್ದು ಬಂದರೆ ಕ್ಲಚ್ ಇನ್ನೂ ಪೂರ್ತಿ ಬಿಟ್ಟಿಲ್ಲ; ಮತ್ತೆ ಜೀಪಿನಡಿಗೆ ಇಳಿಯಿರಿ.